ತೋಡಿನ ನೀರನ್ನು ಅಳೆದು ಹಂಚಿಕೊಂಡ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪೂರ್ವದಂಚಿನಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡಂತೆ ಹರಿದು ಕೊನೆಗೆ ಶಿರಿಯಾ ಹೊಳೆಯನ್ನು ಸೇರುವ ತೋಡುಗಳಲ್ಲಿ ನಮ್ಮದೂ ಒಂದು. ಅದರ ಎರಡೂ ಬದಿಯಲ್ಲಿ ಅಡಿಕೆ ತೋಟಗಳಿವೆ, ತೋಟದ ಬದಿಗೆ ತೆರೆದ ಬಾವಿಗಳಿವೆ, ಮೇಲಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಅಜ್ಜಂದಿರ ಕಾಲದ ಸುರಂಗಗಳಿವೆ, ಈಚೆಗೆ ಕೊರೆಸಿದ ಕೊಳವೆಬಾವಿಗಳೂ ಇವೆ. ಬೇಸಗೆಯಲ್ಲಿ ಈ ತೋಡಿನ ನೀರನ್ನು ಯಾರು, ಯಾವಾಗ, ಎಷ್ಟು ತೆಗೆಯಬೇಕು ಎಂಬ ತಕರಾರು ನಮ್ಮಲ್ಲಿ ಹಳೆಯದು. ಕೆಲವು ವರ್ಷಗಳಿಂದ ನಾವು ಅದನ್ನು ಅಳತೆಯ ಆಧಾರದ ಮೇಲೆ ನಡೆಸಿಕೊಂಡು ಬಂದಿದ್ದೇವೆ. ಅಳೆಯುವ ಮತ್ತು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಅದನ್ನು ಹೇಗೆ ಮಾಡಿದೆವೆಂದು ಇಲ್ಲಿ ವಿವರಿಸುತ್ತೇನೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಎಪ್ರಿಲ್ ತಿಂಗಳಿಗೆ ನೀರಿಲ್ಲವೆಂದರೆ ಹೊರಗಿನವರು ನಂಬುವುದಿಲ್ಲ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ, ನೆಲವೂ ಸಮುದ್ರದ ಕಡೆಗೆ ಕಡಿದಾಗಿ ಇಳಿಯುತ್ತದೆ. ಮೇಲಿನ ಮುರಕಲ್ಲು (ಜಂಬಿಟ್ಟಿಗೆ) ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಅದರ ಅಡಿಯ ಶೇಡಿಮಣ್ಣು ಎಂಬ ನುಣುಪಾದ ಜೇಡಿ ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲವಾದ್ದರಿಂದ ಇಂಗಿದ ನೀರು ಇವೆರಡರ ನಡುವೆ ಅಡ್ಡಕ್ಕೆ ಹರಿದು ಸುರಂಗದಲ್ಲಿ, ಬಾವಿಯಲ್ಲಿ, ತೋಡಿನ ದಡದಲ್ಲಿ ಒಸರಾಗಿ ಹೊರಬರುತ್ತದೆ. ಬಾವಿಯ ನೀರು, ಸುರಂಗದ ನೀರು, ತೋಡಿನ ನೀರು ಎಂದು ನಾವು ಬೇರೆ ಬೇರೆಯಾಗಿ ಮಾತಾಡುತ್ತೇವೆಯೇ ಹೊರತು ಮುಕ್ಕಾಲು ಪಾಲು ಅದು ಒಂದೇ ನೀರು. ಕೊಳವೆಬಾವಿ ಮಾತ್ರ ಶೇಡಿಯನ್ನೂ ದಾಟಿ ಕರಿಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ, ಅಲ್ಲಿ ಸಂಗ್ರಹವೂ ಕಡಿಮೆ, ಮರುಪೂರಣವೂ ನಿಧಾನ. ನಮ್ಮ ಪಕ್ಕದ ಕಾಸರಗೋಡು ಬ್ಲಾಕನ್ನು ಕೇಂದ್ರ ಅಂತರ್ಜಲ ಮಂಡಳಿಯ 2017ರ ಅಂದಾಜು ‘ಕ್ರಿಟಿಕಲ್’ ವರ್ಗಕ್ಕೆ ಸೇರಿಸಿತ್ತು. ಪ್ರತಿವರ್ಷ ತೆಗೆಯಬಹುದಾದ ನೀರಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚನ್ನು ಅಲ್ಲಿ ಆಗ ತೆಗೆಯಲಾಗುತ್ತಿತ್ತು ಎಂಬುದು ಅದರ ಅರ್ಥ.

ತೋಡಿಗೆ ಕಟ್ಟ ಹಾಕುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ಕೆಲಸ. ಅಕ್ಟೋಬರ್–ನವೆಂಬರಿನ ತುಲಾ ಮಳೆ ನಿಂತು ಹರಿವು ಹದಕ್ಕೆ ಬಂದಾಗ ಕಲ್ಲು, ಅಡಿಕೆ ಮರದ ಸಲಾಕೆ, ಸೊಪ್ಪು ಮತ್ತು ಅಂಟುಮಣ್ಣಿನಿಂದ ಅಡ್ಡಕ್ಕೆ ಕಟ್ಟಿ ನೀರನ್ನು ನಿಲ್ಲಿಸುತ್ತಾರೆ; ಮಳೆಗಾಲದ ಮೊದಲ ನೆರೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ನಮ್ಮ ಜಿಲ್ಲೆಯ ಏತಡ್ಕದ ಸಾಲುಕಟ್ಟಗಳ ಹೆಸರನ್ನು ಕೇಳಿರುವವರು ಬಹಳ ಮಂದಿ ಇರಬಹುದು. ಒಂದು ಕಟ್ಟದ ಹಿನ್ನೀರು ಮುಂದಿನ ಕಟ್ಟದ ಬುಡದವರೆಗೂ ನಿಲ್ಲುವಂತೆ ಸಾಲಾಗಿ ಕಟ್ಟಿದಾಗ ಇಡೀ ತೋಡೇ ಉದ್ದನೆಯ ಕೆರೆಯಂತಾಗುತ್ತದೆ, ದಡದ ಬಾವಿಗಳ ಮಟ್ಟ ಇಳಿಯುವುದೂ ನಿಧಾನವಾಗುತ್ತದೆ. ಈಗ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಮರಳು ತುಂಬಿದ ಚೀಲಗಳು ಬಂದು ಆಳಿನ ಖರ್ಚು ಕಡಿಮೆಯಾಗಿದೆ. ಕಾಂಕ್ರೀಟಿನ ಕಿಂಡಿ ಅಣೆಕಟ್ಟಿನ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹಲಗೆ ಹಾಕುವ ಮತ್ತು ತೆಗೆಯುವ ಹೊಣೆ ಯಾರದೆಂದು ತೀರ್ಮಾನವಾಗದೆ ಕಟ್ಟಿದ ಅಣೆಕಟ್ಟು ವರ್ಷವಿಡೀ ಬಾಯಿ ತೆರೆದುಕೊಂಡು ನಿಂತಿರುವುದನ್ನು ನಮ್ಮ ಸುತ್ತಮುತ್ತಲೇ ನೋಡಬಹುದು.

ಕಟ್ಟ ಹಾಕುವ ಕ್ರಮದಿಂದಲೇ ಜಗಳ ಶುರುವಾಗುತ್ತಿತ್ತು. ಮೇಲಿನವರು ಮೊದಲು ಕಟ್ಟಿದರೆ ಅವರ ಕಟ್ಟ ತುಂಬಿ ಹೊರಚೆಲ್ಲುವವರೆಗೆ ಕೆಳಗಿನವರಿಗೆ ನೀರಿಲ್ಲ. ತಡವಾಗಿ ಕಟ್ಟಿದರೆ ಹರಿವು ಬಡಕಲಾಗಿ ತುಂಬುವುದೇ ಇಲ್ಲ, ಬೇಗ ಕಟ್ಟಿದರೆ ಡಿಸೆಂಬರಿನ ಒಂದು ಅಕಾಲ ಮಳೆ ಎಲ್ಲವನ್ನೂ ಒಯ್ಯುತ್ತದೆ. ನಾವು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾ ಹೋಗುವುದೆಂದು ಒಪ್ಪಿಕೊಂಡೆವು. ಹರಿವು ದಂಡಿಯಾಗಿರುವಾಗಲೇ ಕೆಳಗಿನ ಕಟ್ಟ ತುಂಬುತ್ತದೆ, ಆಮೇಲೆ ಅದರ ಮೇಲಿನದು. ಇದಕ್ಕೆ ಮೇಲಿನವರು ಒಪ್ಪಿದ್ದು ಸುಮ್ಮನೆ ಅಲ್ಲ; ಎಲ್ಲ ಕಟ್ಟಗಳಿಗೂ ಎಲ್ಲರ ಮನೆಯಿಂದ ಆಳು ಬರಬೇಕೆಂಬ ಷರತ್ತು ಹಾಕಿದರು, ಅದು ನ್ಯಾಯವೇ ಆಗಿತ್ತು.

ನಿಜವಾದ ಕಷ್ಟ ಇದ್ದದ್ದು ಮಾರ್ಚಿನ ನಂತರದ ಹಂಚಿಕೆಯಲ್ಲಿ. ‘ನೀರು ಕಡಿಮೆಯಾಗಿದೆ’ ಎಂದು ಕೆಳಗಿನವರು, ‘ಕಳೆದ ವರ್ಷವೂ ಇಷ್ಟೇ ಇತ್ತು’ ಎಂದು ಮೇಲಿನವರು. ಇಬ್ಬರ ಬಳಿಯೂ ಅಂಕಿಯಿರಲಿಲ್ಲ. ಅಧಿಕೃತವಾಗಿ ಅಂತರ್ಜಲ ಮಟ್ಟವನ್ನು ಅಳೆಯುವ ವೀಕ್ಷಣಾ ಬಾವಿಗಳು ಜಿಲ್ಲೆಯಲ್ಲಿವೆ, ಕೇಂದ್ರ ಮಂಡಳಿ ವರ್ಷದಲ್ಲಿ ನಾಲ್ಕು ಸಲ ಅಳತೆ ತೆಗೆಯುತ್ತದೆ. ಆದರೆ ಒಂದು ತೋಡಿನ ಬೇಸಗೆಯ ವಾರವಾರದ ಸ್ಥಿತಿ ಅದರಿಂದ ತಿಳಿಯುವಂಥದ್ದಲ್ಲ. ಅದನ್ನು ನಾವೇ ಅಳೆಯಬೇಕಾಯಿತು.

ಹರಿವು ಹೆಚ್ಚಿರುವಾಗ ತೇಲುವ ವಸ್ತುವಿನ ಲೆಕ್ಕ ಸಾಕಾಗುತ್ತದೆ. ತೋಡು ನೇರವಾಗಿರುವಲ್ಲಿ ಹತ್ತು ಮೀಟರ್ ಅಂತರಕ್ಕೆ ಎರಡು ಹಗ್ಗ ಕಟ್ಟಿ ನಿಂಬೆಹಣ್ಣೊಂದನ್ನು ಬಿಟ್ಟು ಸಮಯ ನೋಡುತ್ತೇವೆ. ಅದು 25 ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 0.4 ಮೀಟರ್. ತೋಡಿನ ಅಗಲ ಎರಡು ಮೀಟರ್, ಸರಾಸರಿ ಆಳ 30 ಸೆಂಟಿಮೀಟರ್ ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ 0.6 ಚದರ ಮೀಟರ್. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದ ಗುಣಲಬ್ಧವನ್ನು 0.85ರಿಂದ ಗುಣಿಸಬೇಕು. ಆಗ ಸೆಕೆಂಡಿಗೆ ಸುಮಾರು 200 ಲೀಟರ್ ಎಂಬ ಉತ್ತರ ಸಿಗುತ್ತದೆ. ಹೆಚ್ಚುಕಡಿಮೆಯ ಲೆಕ್ಕ, ಆದರೆ ಕಟ್ಟ ಹಾಕುವ ದಿನವನ್ನು ನಿಶ್ಚಯಿಸಲು ಇಷ್ಟು ಸಾಕು.

ಬೇಸಗೆಯ ಸಣ್ಣ ಹರಿವಿಗೆ ಈ ಕ್ರಮ ನಡೆಯುವುದಿಲ್ಲ. ಅದಕ್ಕಾಗಿ ನಾವು ‘ವಿ’ ಆಕಾರದ ಕಂಡಿಯಿರುವ ತಗಡನ್ನು ಕೂರಿಸಿದೆವು. ಬದಿಯಡ್ಕದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿಗೆ ಸರಿಯಾಗಿ 90 ಡಿಗ್ರಿಯ ಕಂಡಿ ಕತ್ತರಿಸಿ, ನೀರು ಹೊರಬೀಳುವ ಬದಿಗೆ ಅಂಚನ್ನು ಉಜ್ಜಿ ಚೂಪು ಮಾಡಿಸಿಕೊಂಡು ಬಂದೆ. ಕಟ್ಟಗಳ ಸಾಲಿನಿಂದ ಮೇಲೆ, ತೋಡು ಕಿರಿದಾಗುವ ಜಾಗದಲ್ಲಿ ಅದನ್ನು ಮುರಕಲ್ಲುಗಳ ನಡುವೆ ನಿಲ್ಲಿಸಿ, ಬದಿಯಲ್ಲೂ ಅಡಿಯಲ್ಲೂ ನೀರು ನುಸುಳದಂತೆ ಶೇಡಿಮಣ್ಣು ಮೆತ್ತಿದೆವು. ನೀರಿನ ಎತ್ತರವನ್ನು ಕಂಡಿಯ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಆ ಎತ್ತರದ ನಾಲ್ಕು ಪಟ್ಟಿನಷ್ಟಾದರೂ ಹಿಂದಕ್ಕೆ ಒಂದು ಗೂಟ ನೆಟ್ಟು ಅದಕ್ಕೆ ಸ್ಕೇಲು ಜಡಿಯಬೇಕು, ಸ್ಕೇಲಿನ ಸೊನ್ನೆ ಕಂಡಿಯ ತಳದ ಮೊನೆಯ ಮಟ್ಟಕ್ಕೆ ಸರಿಯಾಗಿ ಬರಬೇಕು. ಮೇಸ್ತ್ರಿಗಳು ಪಾಯಕ್ಕೆ ಬಳಸುವ ಪಾರದರ್ಶಕ ಲೆವೆಲ್ ಪೈಪಿನಿಂದ ನಾವು ಆ ಮಟ್ಟವನ್ನು ನೋಡಿಕೊಂಡೆವು. ಓದುವ ಮೊದಲು ಕಂಡಿಯಲ್ಲಿ ಸಿಕ್ಕಿಕೊಂಡ ತರಗೆಲೆ, ಅಡಿಕೆ ಸಿಪ್ಪೆಗಳನ್ನು ತೆಗೆದು ಸ್ವಲ್ಪ ಹೊತ್ತು ಕಾಯಬೇಕು. ಒಂದು ಎಲೆ ಅಡ್ಡ ನಿಂತರೂ ನೀರು ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ.

ಇಂಥ ಕಂಡಿಯಲ್ಲಿ ಎತ್ತರ 10 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, ಏಳೂವರೆಗೆ ಇಳಿದರೆ 2.1 ಲೀಟರ್, ಐದಕ್ಕೆ ಇಳಿದರೆ 0.8 ಲೀಟರಿಗಿಂತಲೂ ಕಡಿಮೆ. ಎತ್ತರ ಅರ್ಧವಾದಾಗ ಹರಿವು ಅರ್ಧವಾಗುವುದಿಲ್ಲ, ಆರರಲ್ಲೊಂದು ಪಾಲಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕಣ್ಣಂದಾಜಿನಲ್ಲಿ ‘ಇನ್ನೂ ಅರ್ಧ ಉಂಟಲ್ಲ’ ಎನ್ನುವವರಿಗೆ ಈ ಒಂದು ಸಂಗತಿಯನ್ನು ಮನದಟ್ಟು ಮಾಡಿಸಲು ನಾನು ಬಹಳ ಹೊತ್ತು ಮಾತಾಡಬೇಕಾಯಿತು.

ಆಮೇಲೆ ಎಲ್ಲರ ಪಂಪುಗಳನ್ನೂ ಅಳೆದೆವು. ಇನ್ನೂರು ಲೀಟರಿನ ಡ್ರಮ್ಮಿಗೆ ಪೈಪು ಹಿಡಿದು ತುಂಬುವ ಸಮಯ ನೋಡುವುದಷ್ಟೇ. ಐದು ಎಚ್‌ಪಿ ಪಂಪು ನಮ್ಮ ತೋಟಗಳ ಎತ್ತರಕ್ಕೆ ಸೆಕೆಂಡಿಗೆ ಐದಾರು ಲೀಟರ್ ಎತ್ತುತ್ತದೆ ಎಂದು ಕಂಡುಬಂತು. ಅಂದರೆ ಮಾರ್ಚಿನಲ್ಲಿ ತೋಡಿಗೆ ಬರುವ ನೀರಿಗಿಂತ ಒಂದೇ ಪಂಪು ತೆಗೆಯುವ ನೀರು ಹೆಚ್ಚು, ಉಳಿದದ್ದು ಕಟ್ಟದಲ್ಲಿ ನಿಂತ ಸಂಗ್ರಹದಿಂದ ಹೋಗುತ್ತದೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರೆದು ತೋರಿಸಿದ ಮೇಲೆ ಒಬ್ಬರ ಪಂಪು ಇನ್ನೊಬ್ಬರಿಗೆ ಸಂಬಂಧಿಸಿದ್ದಲ್ಲ ಎಂಬ ವಾದ ನಿಂತಿತು.

ಬೇಡಿಕೆಯ ಲೆಕ್ಕಕ್ಕೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸನ್ನೇ ಹಿಡಿದೆವು. ಬುಡಕ್ಕೆ ನೀರು ಬಿಡುವ ಕ್ರಮದಲ್ಲಿ ಅಡಿಕೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್. ನವೆಂಬರ್–ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಕಂಡಿಯಲ್ಲಿ ಏಳೂವರೆ ಸೆಂಟಿಮೀಟರ್ ಇರುವಾಗ ದಿನಕ್ಕೆ ಬರುವ 1.8 ಲಕ್ಷ ಲೀಟರ್ ನೀರು, ನಾಲ್ಕು ದಿನಕ್ಕೊಮ್ಮೆ ಬುಡಕ್ಕೆ ಬಿಟ್ಟರೆ ಏಳೂವರೆ ಎಕರೆಗೆ, ಹನಿಯಲ್ಲಿ ಕೊಟ್ಟರೆ ಹದಿನಾರು ಎಕರೆಗೆ ಸಾಲುತ್ತದೆ. ಹನಿ ನೀರಾವರಿಗೆ ಸಬ್ಸಿಡಿ ಇದೆ ಎಂದು ಕೃಷಿ ಭವನದವರು ಎಷ್ಟು ಸಲ ಹೇಳಿದರೂ ಕದಲದವರು ಈ ಲೆಕ್ಕ ನೋಡಿ ಪೈಪು ಹಾಕಿಸಿದರು.

ಹಕ್ಕಿನ ಪ್ರಶ್ನೆಯೂ ಬಂತು. ‘ನನ್ನ ಜಾಗೆಯಲ್ಲಿ ಹರಿಯುವ ನೀರು ನನ್ನದು, ನಿಮ್ಮ ತಗಡು ಹೇಳಿತೆಂದು ನಾನು ಪಂಪು ನಿಲ್ಲಿಸಬೇಕಾ ಮಾರಾಯ್ರೇ?’ ಎಂದು ಮೇಲಿನ ತೋಟದ ಹಿರಿಯರೊಬ್ಬರು ಸಭೆಯಲ್ಲೇ ಕೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಈ ಸೀಮೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಲೇ ಬಂದ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆ ಎರಡು ಬಗೆಯ ನೀರನ್ನು ಬೇರೆ ಬೇರೆಯಾಗಿ ನೋಡುತ್ತದೆ. ನಿಶ್ಚಿತ ಕಾಲುವೆಯಲ್ಲಿ ಹರಿಯದೆ ನೆಲದಡಿಯಲ್ಲಿರುವ ನೀರನ್ನು ಜಾಗದ ಒಡೆಯ ತನ್ನ ಗಡಿಯೊಳಗೆ ಸಂಗ್ರಹಿಸಿಕೊಳ್ಳಬಹುದು. ಸಹಜವಾಗಿ ಹರಿಯುವ ತೋಡಿನ ನೀರನ್ನು ದಡದ ಒಡೆಯ ಕುಡಿಯಲು, ಮನೆ ಬಳಕೆಗೆ, ದನಕರುಗಳಿಗೆ ಬಳಸಬಹುದು, ಆ ಜಾಗದ ಬೇಸಾಯಕ್ಕೂ ಬಳಸಬಹುದು. ಆದರೆ ಬೇಸಾಯಕ್ಕೆ ಬಳಸುವಾಗ ಅಂಥದೇ ಹಕ್ಕುಳ್ಳ ಇತರರಿಗೆ ಗಣನೀಯ ನಷ್ಟವಾಗಬಾರದು. ಇಪ್ಪತ್ತು ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಅನುಭವಿಸಿದ ನೀರ ದಾರಿಗೂ ಅದೇ ಕಾಯ್ದೆಯಲ್ಲಿ ರಕ್ಷಣೆಯಿದೆ. ಇದರ ಮೇಲೆ ಕೇರಳದ 2002ರ ಅಂತರ್ಜಲ ಕಾಯ್ದೆ, 2003ರ ನೀರಾವರಿ ಮತ್ತು ಜಲ ಸಂರಕ್ಷಣಾ ಕಾಯ್ದೆಗಳು ಬಂದು ಸರಕಾರದ ನಿಯಂತ್ರಣವನ್ನು ಸೇರಿಸಿವೆ. ನ್ಯಾಯಾಲಯಕ್ಕೆ ಹೋದರೆ ‘ಗಣನೀಯ ನಷ್ಟ’ವನ್ನು ಸಾಬೀತುಪಡಿಸಬೇಕು, ಅದಕ್ಕೂ ಅಂಕಿಗಳೇ ಬೇಕು ಎಂದು ನಾನು ಹೇಳಿದೆ. ‘ಹಾಗಾದರೆ ಅಳೆಯುವಾಗ ನನ್ನ ಮಗನೂ ಇರಲಿ’ ಎಂದರು ಅವರು. ಅಂದಿನಿಂದ ಅಳತೆಗೆ ಮೇಲಿನ ಬದಿಯ ಒಬ್ಬರು, ಕೆಳಗಿನ ಬದಿಯ ಒಬ್ಬರು ಒಟ್ಟಿಗೇ ಹೋಗಿ ಪುಸ್ತಕಕ್ಕೆ ಇಬ್ಬರೂ ಸಹಿ ಹಾಕುತ್ತಾರೆ.

ಒಪ್ಪಿಕೊಂಡ ಕಟ್ಟುಪಾಡು ಹೀಗಿದೆ. ಕಂಡಿಯಲ್ಲಿ ಹತ್ತು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ನಿರ್ಬಂಧವಿಲ್ಲ. ಹತ್ತರಿಂದ ಏಳೂವರೆಯವರೆಗೆ ದಿನಕ್ಕೆ ಅರ್ಧ ಹೊತ್ತು ಮಾತ್ರ ಪಂಪು. ಅದರಿಂದ ಕೆಳಗೆ ಮೇಲಿನ ಬದಿಗೆ ಒಂದು ದಿನ, ಕೆಳಗಿನ ಬದಿಗೆ ಒಂದು ದಿನ. ಐದಕ್ಕಿಂತ ಕೆಳಗಿಳಿದರೆ ಕುಡಿಯಲು, ಹಟ್ಟಿಗೆ ಮತ್ತು ಎಳೆಯ ಸಸಿಗಳ ಹನಿಗೆ ಮಾತ್ರ. ಜಮೀನಿಲ್ಲದ ಮನೆಗಳವರ ಕುಡಿಯುವ ನೀರಿನ ಬಾವಿ ತೋಡಿನ ಬದಿಯಲ್ಲೇ ಇರುವುದರಿಂದ, ಅದರ ಪಕ್ಕದ ಕಟ್ಟಕ್ಕೆ ಪಂಪು ಇಡುವಂತಿಲ್ಲ ಎಂಬುದನ್ನು ಆ ಮನೆಗಳ ಹೆಂಗಸರು ಪಟ್ಟು ಹಿಡಿದು ಸೇರಿಸಿದರು.

ಬಾವಿಗಳ ಅಳತೆ ಸುಲಭ. ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿ, ತುದಿಗೆ ಭಾರ ಕಟ್ಟಿದ ಟೇಪನ್ನು ಅಲ್ಲಿಂದಲೇ ಇಳಿಸಿ, ಬೆಳಿಗ್ಗೆ ಪಂಪು ಹಾಕುವ ಮೊದಲು ನೀರಿನವರೆಗಿನ ಆಳವನ್ನು ಬರೆಯಬೇಕು. ಕಟ್ಟ ತುಂಬಿದ ಮೇಲೆ ತೋಡಿನ ಹತ್ತಿರದ ಬಾವಿಗಳ ಇಳಿತ ನಿಧಾನವಾಗುವುದು, ದೂರದ ಬಾವಿಗಳಲ್ಲಿ ಅಂಥ ವ್ಯತ್ಯಾಸ ಕಾಣದಿರುವುದು ನಮ್ಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಸುರಂಗಗಳಿಗೆ ಕೊಡಪಾನ ತುಂಬುವ ಸಮಯವೇ ಅಳತೆ. ಕೊಳವೆಬಾವಿಗಳ ಮಟ್ಟವನ್ನು ಮಾತ್ರ ಅಳೆಯಲಾಗಿಲ್ಲ. ಮೋಟರ್ ಇಳಿಸಿದ ಕೇಸಿಂಗಿನೊಳಗೆ ಟೇಪು ಸಿಕ್ಕಿಕೊಳ್ಳುತ್ತದೆ, ಒಡೆಯರೂ ಮುಚ್ಚಳ ತೆಗೆಯಲು ಅಷ್ಟಾಗಿ ಒಪ್ಪುವುದಿಲ್ಲ.

ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ತಗಡನ್ನು ಕಿತ್ತು ತೊಳೆದು ನಮ್ಮ ಅಟ್ಟದಲ್ಲಿಡುತ್ತೇವೆ. ಇನ್ನು ಉಳಿದಿರುವುದು ಗಡಿಯಾಚೆ ಕರ್ನಾಟಕದಲ್ಲಿರುವ ತೋಡಿನ ಮೂಲಭಾಗ. ಅಲ್ಲಿನ ತೋಟದವರು ನಮ್ಮ ಒಪ್ಪಂದದಲ್ಲಿಲ್ಲ, ಕೇರಳದ ಕಾಯ್ದೆ ಅವರಿಗೆ ಅನ್ವಯಿಸುವುದೂ ಇಲ್ಲ. ಅವರ ತೋಟಗಳಿಂದ ಕೆಳಗೆ, ಗಡಿಯ ಹತ್ತಿರ ಇನ್ನೊಂದು ಕಂಡಿ ಕೂರಿಸಲು ಜಾಗ ನೋಡಿಟ್ಟಿದ್ದೇವೆ. ಆ ಜಾಗದವರು ಒಪ್ಪಿದ್ದಾರೆ, ಓದಿ ಬರೆಯಲು ಅವರ ಕಡೆಯಿಂದ ಒಬ್ಬರನ್ನು ಕೊಡಬೇಕೆಂದು ಕೇಳಿಕೊಂಡಿದ್ದೇವೆ.