ಹಳೆಯ ಗೇಮ್‌ನೊಳಗಿನ ಸದ್ದನ್ನು ಹೊರತೆಗೆಯುವುದು ಹೇಗೆ?

ಯಾರಿಗೂ ಹೆಸರು ನೆನಪಿಲ್ಲದ ಹಳೆಯ ಕಂಪ್ಯೂಟರ್ ಗೇಮ್‌ನ ಸಂಗೀತ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಗೇಮ್‌ನ ಫೋಲ್ಡರ್ ಕೈಯಲ್ಲಿದ್ದರೆ ಅದನ್ನು ನಾವೇ ಹೊರತೆಗೆಯಬಹುದು. ಹೆಚ್ಚಿನವರು ಮೊದಲೇ ಸಿಕ್ಕಸಿಕ್ಕ ಸಾಫ್ಟ್‌ವೇರ್ ಇಳಿಸಿಕೊಂಡು ಬೇಸತ್ತು ಕೈಬಿಡುತ್ತಾರೆ. ಫೈಲ್ ಯಾವ ಜಾತಿಯದೆಂದು ತಿಳಿಯದೆ ಯಾವ ಸಾಫ್ಟ್‌ವೇರ್ ಇದ್ದೂ ಪ್ರಯೋಜನವಿಲ್ಲ.

ಫೋಲ್ಡರ್‌ನ ಒಂದು ನಕಲು ಮಾಡಿಟ್ಟುಕೊಂಡು, ಅದರಲ್ಲೇ ಕೆಲಸ ಮಾಡಿ.

ಗೇಮ್ ಸಿಡಿಯಲ್ಲಿ ಬಂದಿದ್ದರೆ ಅದೃಷ್ಟ ಪರೀಕ್ಷಿಸಿ. 1990ರ ದಶಕದ ಅನೇಕ ಸಿಡಿಗಳಲ್ಲಿ ಮೊದಲ ಟ್ರ್ಯಾಕ್ ಗೇಮ್‌ನದು, ಉಳಿದವು ಮಾಮೂಲಿ ಹಾಡಿನ ಟ್ರ್ಯಾಕ್‌ಗಳು. 1996ರ ಕ್ವೇಕ್ ಹೀಗೆಯೇ ಬಂದಿತ್ತು. ಹಾಡಿನ ಸಿಡಿ ನಕಲಿಸುವ ಯಾವ ಸಾಫ್ಟ್‌ವೇರ್ ಆದರೂ ಇದಕ್ಕೆ ಸಾಕು. ಡಿಸ್ಕ್‌ನ ಪ್ರತಿಯನ್ನು ಐಎಸ್‌ಒ (.iso) ಫೈಲ್ ರೂಪದಲ್ಲಿ ಇಡಬೇಡಿ, ಹಾಡುಗಳು ಬಿಟ್ಟುಹೋಗುತ್ತವೆ. ಬಿನ್ (.bin) ಮತ್ತು ಕ್ಯೂ (.cue) ಎಂಬ ಫೈಲ್‌ಗಳ ಜೋಡಿಯೇ ಬೇಕು.

ಸಿಡಿಯಲ್ಲಿ ಸಿಗದಿದ್ದರೆ ದೊಡ್ಡ ಫೈಲ್‌ಗಳನ್ನು ಹೆಕ್ಸ್ ಎಡಿಟರ್‌ನಲ್ಲಿ, ಅಂದರೆ ಫೈಲ್‌ನ ಪ್ರತಿ ಬೈಟನ್ನೂ ಹದಿನಾರರ ಮಾನದ (ಹೆಕ್ಸ್) ಅಂಕಿಯಾಗಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ, ತೆರೆಯಿರಿ. ಫೈಲ್ ಹೆಸರಿನ ಬಾಲವನ್ನು ನಂಬಬೇಡಿ, ಮೊದಲ ನಾಲ್ಕು ಬೈಟ್‌ಗಳನ್ನು ನೋಡಿ. 52 49 46 46 ಎಂದಿದ್ದರೆ ಅದು ಬಹುತೇಕ ವೇವ್ ಫೈಲ್. ಹೆಸರಿನ ಬಾಲವನ್ನು .wav ಎಂದು ಬದಲಿಸಿದರೆ ಸಾಕು, ಹಾಡುತ್ತದೆ. ಇದೇ ನಾಲ್ಕು ಅಂಕಿಗಳು ದೊಡ್ಡ ಫೈಲ್‌ನ ನಡುವೆ ಮತ್ತೆ ಮತ್ತೆ ಕಂಡರೆ ಹಲವು ವೇವ್‌ಗಳನ್ನು ಒಂದರಲ್ಲಿ ತುಂಬಿದ್ದಾರೆ. ಅವುಗಳ ನಂತರದ ನಾಲ್ಕು ಬೈಟ್‌ಗಳು ಗಾತ್ರ ಹೇಳುತ್ತವೆ, ಆದರೆ ಹಿಂದುಮುಂದಾಗಿ. 24 56 00 00 ಎಂದಿದ್ದರೆ 5624 ಎಂದು ಓದಿ, ದಶಮಾನದಲ್ಲಿ 22052. ಅದಕ್ಕೆ 8 ಸೇರಿಸಿ, 52 ಎಂಬ ಆ ಮೊದಲ ಬೈಟ್‌ನಿಂದ ಆರಂಭಿಸಿ 22060 ಬೈಟ್‌ಗಳನ್ನು ಕತ್ತರಿಸಿ ಹೊಸ ಫೈಲ್‌ಗೆ ಹಾಕಿ. ನೂರಾರು ಇದ್ದರೆ ಡ್ರ್ಯಾಗನ್ ಅನ್‌ಪ್ಯಾಕರ್ ಅಥವಾ ಕ್ವಿಕ್‌ಬಿಎಂಎಸ್ ಎಂಬ ಸಾಫ್ಟ್‌ವೇರ್‌ಗೆ ಒಪ್ಪಿಸಿ. ಆದರೂ ಒಂದನ್ನಾದರೂ ಕೈಯಾರೆ ಕತ್ತರಿಸಿ ನೋಡಿ, ಆಗ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಗುರುತಿನ ಬೈಟ್‌ಗಳೇ ಇಲ್ಲದ ಬರಿಯ ಸದ್ದಿನ ಫೈಲ್‌ಗಳೂ ಇರುತ್ತವೆ. ಹೆಕ್ಸ್ ಎಡಿಟರ್‌ನಲ್ಲಿ 80 ಎಂಬ ಅಂಕಿ ಸಾಲುಸಾಲಾಗಿ ಕಂಡರೆ ಅದು 8 ಬಿಟ್ ಸದ್ದಿನ ನಡುವಿನ ಮೌನವಿರಬಹುದು. ಅಂಥ ಫೈಲನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ರಾ ಡೇಟಾ ಎಂದು ತೆರೆದು, ಈ ಆಯ್ಕೆಗಳನ್ನು ಕೊಡಿ: 8 ಬಿಟ್ ಅನ್‌ಸೈನ್ಡ್, ಮೋನೊ, 11025 ಹರ್ಟ್ಸ್. 1993ರ ಡೂಮ್‌ನ ಗುಂಡಿನ ಸದ್ದುಗಳೂ ಈ ಅಳತೆಯವೇ. ಕೇಳುವ ಮುನ್ನ ವಾಲ್ಯೂಮ್ ತಗ್ಗಿಸಿ, ಹೆಡ್‌ಫೋನ್ ತೆಗೆದಿಡಿ. ತಪ್ಪು ಆಯ್ಕೆ ಕಿವಿ ಹರಿಯುವಂತೆ ಕಿರುಚುತ್ತದೆ.

ಇನ್ನು ಕಿವಿಯೇ ದಾರಿ ತೋರಬೇಕು. ದನಿ ದಪ್ಪಗೆ, ನಿಧಾನವಾಗಿ ಎಳೆದಂತಿದ್ದರೆ 22050 ಹರ್ಟ್ಸ್ ಕೊಡಿ. ಮಾತು ಗುರುತು ಸಿಗುತ್ತಿದೆ, ಆದರೆ ಒರಟಾಗಿ ಒಡೆಯುತ್ತಿದೆ ಎಂದರೆ ಅನ್‌ಸೈನ್ಡ್ ಬದಲು ಸೈನ್ಡ್ ಆರಿಸಿ. ಅದೂ ಆಗದಿದ್ದರೆ 16 ಬಿಟ್ ಮತ್ತು ಲಿಟಲ್ ಎಂಡಿಯನ್ (ಬೈಟ್‌ಗಳು ಹಿಂದುಮುಂದಾಗಿರುವ ಕ್ರಮ) ಆರಿಸಿ. ಆರಂಭದಲ್ಲಷ್ಟೇ ಟಪ್ ಎಂದರೆ ಫೈಲ್‌ನ ಆರಂಭದ ಮಾಹಿತಿಯ ಬೈಟ್‌ಗಳೂ ಸದ್ದಾಗಿ ಕೇಳಿಸಿರುತ್ತದೆ, ಅಷ್ಟನ್ನು ಕತ್ತರಿಸಿ. ಏನು ಮಾಡಿದರೂ ಭೋರ್ಗರೆತವೇ ಬಂದರೆ ಸದ್ದನ್ನು ಸಂಕುಚಿತಗೊಳಿಸಿರಬಹುದು. ಆಗ ನೂರಾರು ಬಗೆಯ ಗೇಮ್ ಆಡಿಯೊ ಓದಬಲ್ಲ ವಿಜಿಎಂಸ್ಟ್ರೀಮ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟು ನೋಡಿ.

ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಎಷ್ಟೋ ಗೇಮ್‌ಗಳಲ್ಲಿ ಸಂಗೀತವನ್ನು ಧ್ವನಿಯಾಗಿ ಮುದ್ರಿಸಿರುವುದೇ ಇಲ್ಲ. ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂದು ಸೌಂಡ್ ಕಾರ್ಡ್‌ಗೆ ಕೊಟ್ಟ ಸೂಚನೆಗಳಷ್ಟೇ ಅಲ್ಲಿರುತ್ತವೆ. ಅಂಥ ಗೇಮ್ ಅನ್ನು, ಡಾಸ್ ಗೇಮ್‌ಗಳನ್ನು ಇಂದಿನ ಕಂಪ್ಯೂಟರ್‌ನಲ್ಲಿ ಆಡಿಸುವ ಡಾಸ್‌ಬಾಕ್ಸ್‌ನಲ್ಲಿ ನಡೆಸಿ, ಕಂಟ್ರೋಲ್ ಜೊತೆ ಎಫ್6 ಒತ್ತಿ: ಧ್ವನಿಮುದ್ರಣ ಶುರು. ಮತ್ತೆ ಒತ್ತಿದರೆ ನಿಲ್ಲುತ್ತದೆ, ವೇವ್ ಫೈಲ್ ಸಿದ್ಧ. ಗುಂಡಿನ ಸದ್ದು, ಹೆಜ್ಜೆ ಸದ್ದು ಬೇಡವೆಂದರೆ ಮೊದಲೇ ಗೇಮ್‌ನ ಮೆನುವಿನಲ್ಲಿ ಅವನ್ನು ಆಫ್ ಮಾಡಿ. ಗೇಮ್‌ನ ಸಂಗೀತ ನುಡಿಸಲು ಆ್ಯಡ್‌ಲಿಬ್ ಸೌಂಡ್ ಕಾರ್ಡ್ ಆರಿಸಿದಾಗ ಕೇಳುವ ರಾಗ, ಎಂಟಿ-32 ಎಂಬ ಸಂಗೀತ ಸಾಧನ ಆರಿಸಿದಾಗ ಬೇರೆಯೇ ಆಗಿ ಕೇಳುತ್ತದೆ. ಅಸಲಿ ಯಾವುದೆಂಬ ಜಗಳ ಅಭಿಮಾನಿಗಳಲ್ಲಿ ಮುಗಿದೇ ಇಲ್ಲ, ಎರಡನ್ನೂ ಮುದ್ರಿಸಿಕೊಳ್ಳಿ.

ಸಿಕ್ಕಿದ್ದನ್ನು ಎಂಪಿ3 ಮಾಡದೆ, ಸದ್ದಿನ ಗುಣಮಟ್ಟ ಕಳೆಯದ ಫ್ಲ್ಯಾಕ್ ರೂಪದಲ್ಲಿ ಇಡಿ, ಮೂಲ ಫೈಲ್‌ನ ಹೆಸರನ್ನೂ ಜೊತೆಗೆ ಬರೆದಿಡಿ. ಗೇಮ್ ಎಷ್ಟೇ ಹಳತಾದರೂ ಹಕ್ಕು ಯಾರದೋ ಇರುತ್ತದೆ, ಹಾಗಾಗಿ ಹಂಚುವ ಮುನ್ನ ವಿಚಾರಿಸಿ. 11025 ಹರ್ಟ್ಸ್‌ನ ಸದ್ದನ್ನು 44100ಕ್ಕೆ ಏರಿಸುವ ಆಸೆಯೂ ಬೇಡ. ಫೈಲ್ ದಪ್ಪಗಾಗುತ್ತದೆ, ಸದ್ದು ಅಷ್ಟೇ ಇರುತ್ತದೆ.