1783ರ ಫ್ರೆಂಚ್ ಸಿಪಾಯಿಯ ಕೈಗೆ ಯಾವ ಕೋವಿ ಕೊಡಬೇಕು?

ಮಂಗಳೂರು ಕೋಟೆಯ ಮುತ್ತಿಗೆಯನ್ನು ನಾಟಕವೋ ಟ್ಯಾಬ್ಲೋನೋ ಮಾಡುವವರು ಕೋಟು, ಟೋಪಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಕೋವಿ ಮಾತ್ರ ಹಿಂದಿನ ದಿನ ಸಂಜೆ ಬಾಡಿಗೆ ಅಂಗಡಿಯಿಂದ ಬರುತ್ತದೆ. ನಾವೂ ಹಾಗೇ ಮಾಡಿದ್ದೆವು. ಬಂದದ್ದು ಜೋಡು ನಳಿಗೆ! ತೋಟದಲ್ಲಿ ಹಂದಿ ಓಡಿಸಿ ಪಳಗಿದ ಅಜ್ಜರೊಬ್ಬರು ಎದುರು ಸಾಲಿನಿಂದಲೇ, "ಇದು ನನ್ನ ಕೋವಿಗಿಂತ ಹೊಸತು ಮಾರಾಯ" ಅಂದರು.

ಹಾಗಾಗಿ ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. 1783ರ ಮೇ ತಿಂಗಳಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಈ ಕೋಟೆಗೆ ಟಿಪ್ಪು ಮುತ್ತಿಗೆ ಹಾಕಿದಾಗ ಜೊತೆಗೆ ಫ್ರೆಂಚ್ ಪಡೆಯೂ ಇತ್ತು. ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾದ ಸುದ್ದಿ ಜುಲೈಯಲ್ಲಿ ಇಲ್ಲಿಗೆ ಬಂದ ಮೇಲೆ ಫ್ರೆಂಚರು ಹಿಂದೆ ಸರಿದರು.

ಫ್ರಾನ್ಸಿನ ಕೋವಿಗಳಿಗೆ ಇಸವಿಯೇ ಹೆಸರು: 1717, 1728, 1763, 1766, 1777. ಎಲ್ಲದಕ್ಕೂ 'ಶಾರ್ಲೆವಿಲ್' ಅನ್ನುವವರಿದ್ದಾರೆ, ಅದು ಬರೀ ಒಂದು ಕಾರ್ಖಾನೆಯ ಊರು. ಸೇಂಟ್ ಎತಿಯೆನ್, ಮೊಬೂಜ್‌ನಲ್ಲೂ ತಯಾರಾಗುತ್ತಿತ್ತು. ನನ್ನ ವೋಟು 1766ಕ್ಕೆ. 1777ರದ್ದು ಆಗಿನ್ನೂ ಆರು ವರ್ಷದ ಹೊಸ ಮಾಲು. ಹಿತ್ತಾಳೆಯ ಮದ್ದಿನ ಬಟ್ಟಲು, ಹಿಡಿಯಲ್ಲಿ ಕೆನ್ನೆ ಇಡಲು ಕೊರೆದ ತಗ್ಗು ಅಂತ ಮಾಡಿಸುವ ಕೆಲಸವೂ ಜಾಸ್ತಿ. ದೂರದ ವಸಾಹತಿನ ಸಿಪಾಯಿ ಸ್ವಲ್ಪ ಹಳೆಯದನ್ನು ಹಿಡಿದಿದ್ದರೆ ಯಾರೂ ತಪ್ಪು ಹುಡುಕುವುದಿಲ್ಲ.

ಗುರುತು ಸಿಗುವುದು ಉಂಗುರದಲ್ಲಿ. ನಳಿಗೆಯನ್ನೂ ಮರವನ್ನೂ ಸೇರಿಸಿ ಹಿಡಿಯುವ ಮೂರು ಕಬ್ಬಿಣದ ಉಂಗುರ ಇದ್ದರೆ ಫ್ರೆಂಚರದ್ದು, ಕೊನೆಯ ಸಾಲಿಗೂ ಕಾಣುತ್ತದೆ. ಇಂಗ್ಲಿಷರ ಬ್ರೌನ್ ಬೆಸ್‌ಗೆ ಉಂಗುರ ಇಲ್ಲ, ನಳಿಗೆಗೆ ಪಿನ್ನು ಹೊಡೆದಿರುತ್ತದೆ, ಮೇಲಿನ ಸಾಮಾನೆಲ್ಲ ಹಿತ್ತಾಳೆ. ಕೋಟೆ ಒಳಗಿನವರಿಗೂ ಹೊರಗಿನವರಿಗೂ ಒಂದೇ ಕೋವಿ ಕೊಟ್ಟರೆ ಆಟ ಕೆಟ್ಟಿತು. ಇನ್ನು ಕೋವಿಗೆ ಕಪ್ಪು ಬಣ್ಣ ಬಳಿಯಬೇಡಿ ಮಾರಾಯ್ರೆ, ಫ್ರೆಂಚ್ ಸಿಪಾಯಿ ಕಬ್ಬಿಣವನ್ನು ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯಿಸುತ್ತಿದ್ದ.

ನಿಜವಾಗಿ ಹೊಡೆಯುವಂಥದ್ದು ಬೇಡವೇ ಬೇಡ. ಮದ್ದು ತುಂಬುವ ಹಳೇ ಕೋವಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆಯೊಳಗೇ ಬರುತ್ತದೆ. ಚುನಾವಣೆ ಬಂದಾಗ ನಮ್ಮ ರೈತರು ಕೋವಿ ಹೊತ್ತುಕೊಂಡು ಠಾಣೆಗೆ ಹೋಗುವ ಪಾಡು ಗೊತ್ತಲ್ವಾ? ಆಚಾರಿಯ ಹತ್ತಿರ ಮರದಲ್ಲೇ ಮಾಡಿಸಿ, ನಳಿಗೆಯೂ ತೂತಿಲ್ಲದ ಮರದ ಕೋಲೇ ಇರಲಿ. ಅಸಲಿಗೆ ಹಾಕುತ್ತಿದ್ದದ್ದು ವಾಲ್‌ನಟ್ ಮರ. ನಮಗೆ ಹಲಸಿಗೆ ಕಂದು ಪಾಲಿಶ್ ಹಾಕಿದರೆ ಸಾಕು, ಬೀಟೆ ತುಂಬಾ ಕಪ್ಪು, ಭಾರ ಬೇರೆ. ಕೋವಿಯ ಉದ್ದ, ತುದಿಗೆ ಸಿಕ್ಕಿಸುವ ಬಯೊನೆಟ್ (ಚೂರಿ) ಬಿಟ್ಟು, ಸುಮಾರು ಐದು ಅಡಿ. ಹುಡುಗ ಗಿಡ್ಡ ಅಂತ ಕೋವಿ ಕತ್ತರಿಸಬೇಡಿ, ಉದ್ದದ ಹುಡುಗನನ್ನು ಹುಡುಕಿ.

ಬಲಬದಿಯ ಕುದುರೆಯ, ಅಂದರೆ ಬಡಿಯುವ ಕೊಕ್ಕೆಯ, ಬಾಯಲ್ಲಿ ಚಕಮಕಿ ಕಲ್ಲು ಕಾಣಲೇಬೇಕು. ಕಲ್ಲಿನ ಬದಲು ಬಡಿದರೆ ಕಿಡಿ ಕೊಡುವ ಕೇಪು ಬಂದದ್ದು ಮುಂದಿನ ಶತಮಾನದಲ್ಲಿ. ಕಲ್ಲು ಬಡಿದು, ಬಟ್ಟಲಿನ ಮದ್ದು ಹತ್ತಿ, ಆಮೇಲೆ ಒಳಗಿನದ್ದು ಸಿಡಿಯುತ್ತದೆ. ಸೌಂಡಿನವನಿಗೆ ಮೊದಲೇ ಹೇಳಿಡಿ: ಮೊದಲು 'ಚಟ್', ಮರುಕ್ಷಣ 'ಢಂ'. ಒಮ್ಮೆ ಹೊಡೆದವನು ಮತ್ತೆ ಮದ್ದು ಸುರಿದು ಗಜದಲ್ಲಿ (ಉದ್ದ ಸಲಾಕೆಯಲ್ಲಿ) ಗಿಡಿಯಬೇಕು, ಪಳಗಿದವನಿಗೂ ನಿಮಿಷಕ್ಕೆ ಎರಡು-ಮೂರು ಹೊಡೆತವಷ್ಟೇ. ಅಷ್ಟು ಹೊತ್ತು ಅವನ ಬಾಯಿಗೆ ಒಂದಿಷ್ಟು ಮಾತು ಬರೆದುಕೊಡಿ.