ಎರಡು ಮ್ಯೂಸಿಕ್ ಪ್ಲೇಯರ್‌ಗಳಲ್ಲಿ ಯಾವುದರ ಸೌಂಡ್ ಚೆನ್ನಾಗಿದೆ ಅಂತ ಮನೇಲೇ ಸರಿಯಾಗಿ ನೋಡೋದು ಹೇಗೆ

ಹೋದ ವರ್ಷ ನಮ್ಮ ಚಿಕ್ಕಪ್ಪನ ಮಗ ಹೊಸ ಪ್ಲೇಯರ್ ತಗೊಂಡ. ನನ್ನ ಹತ್ರ ಇದ್ದಿದ್ದು ಏಳೆಂಟು ವರ್ಷದ ಹಳೇದು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು, ಒಂದೇ ಇಯರ್‌ಫೋನ್‌ನಲ್ಲಿ ಒಂದೇ ಕೀರ್ತನೆ ಕೇಳಿದ್ವಿ, ಇಬ್ರಿಗೂ ಹೊಸದೇ ಚೆನ್ನಾಗಿದೆ ಅನ್ನಿಸ್ತು, ತಂಬೂರಿ ಬಿಡಿಬಿಡಿಯಾಗಿ ಕೇಳಿಸ್ತಿತ್ತು, ಮೃದಂಗ ತುಂಬ್ಕೊಂಡು ಬರ್ತಿತ್ತು. ನಾನೂ ಒಂದು ತಗೊಳ್ಳೋಣ ಅಂತ ದುಡ್ಡು ಹೊಂದಿಸೋಕೆ ಶುರು ಮಾಡಿದ್ದೆ. ಆಮೇಲೆ ಒಂದು ಭಾನುವಾರ ಮಲ್ಟಿಮೀಟರ್ ಹಿಡಿದು ನೋಡಿದ್ರೆ, ಎರಡರಲ್ಲೂ ವಾಲ್ಯೂಮ್ ಅರ್ಧಕ್ಕೆ ಇಟ್ಟಾಗ ಹೊಸದು ಸುಮಾರು 2 ಡೆಸಿಬಲ್ ಜಾಸ್ತಿ ಕೊಡ್ತಾ ಇತ್ತು. ಅದನ್ನ ಸಮ ಮಾಡಿ ಮತ್ತೆ ಕೇಳಿದ್ಮೇಲೆ ನಾವು ಅಷ್ಟು ಹೊಗಳಿದ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಕಾಣಿಸ್ಲೇ ಇಲ್ಲ.

ಅದಕ್ಕೇ ಮೊದಲು ವಾಲ್ಯೂಮ್ ವಿಷಯ, ಬೇರೆ ಎಲ್ಲಾ ಆಮೇಲೆ. ಒಂದು ಡೆಸಿಬಲ್ ಹೆಚ್ಚಾದ್ರೆ ನಮಗೆ "ಜೋರಾಯ್ತು" ಅಂತ ಅನ್ಸಲ್ಲ, "ಕ್ಲಿಯರ್ ಆಯ್ತು" "ಬೇಸ್ ಚೆನ್ನಾಗಿದೆ" ಅಂತ ಅನ್ಸುತ್ತೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿ ತಗ್ಗು ಸ್ವರಗಳನ್ನ ಅಷ್ಟಾಗಿ ಹಿಡಿಯಲ್ಲ, ಸದ್ದು ಏರಿದ ಹಾಗೆ ಅವು ತಾವಾಗೇ ಮೇಲೆ ಬರ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರಿಸಿದಾರೆ. ಕಿವಿ ಅಂದಾಜಿನಲ್ಲಿ ವಾಲ್ಯೂಮ್ ಸಮ ಮಾಡೋಕೆ ಹೋಗ್ಬೇಡಿ, ಆಗಲ್ಲ. ಪರದೆ ಮೇಲಿನ ನಂಬರ್ ನೋಡಿ ಸಮ ಮಾಡೋದೂ ತಪ್ಪು, ಒಂದು ಪ್ಲೇಯರ್‌ನ 30 ಇನ್ನೊಂದರ 30 ಆಗಿರಲ್ಲ.

ಬೇಕಾಗೋ ಸಾಮಾನು ಜಾಸ್ತಿ ಇಲ್ಲ. ಮಲ್ಟಿಮೀಟರ್ ಒಂದು, ಒಂದು ಜಾಕ್‌ನ ಎರಡು ಮಾಡೋ ಸ್ಪ್ಲಿಟರ್ ಒಂದು, ಹಾಳಾದ ಇಯರ್‌ಫೋನ್‌ನ ವೈರು ಒಂದು, ಅದನ್ನ ಕತ್ತರಿಸಿ ತುದಿ ಕೆರೆದ್ರೆ ಮೀಟರ್‌ಗೆ ಸಿಕ್ಕಿಸಬಹುದು. ಬೆಂಗಳೂರಲ್ಲಿ ಇರೋರಿಗೆ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲಾ ಒಂದೇ ಸುತ್ತಲ್ಲಿ ಸಿಗುತ್ತೆ. ಆದ್ರೆ ಮೀಟರ್ ತಗೊಳ್ಳೋವಾಗ ಒಂದು ನೋಡ್ಕೊಳ್ಳಿ: ಎಲ್ಲಾ ಕಡೆ ಸಿಗೋ ಆ ಹಳದಿ ಬಣ್ಣದ ಅಗ್ಗದ ಮೀಟರ್‌ನಲ್ಲಿ ಎಸಿ ರೇಂಜ್ ಶುರು ಆಗೋದೇ 200 ವೋಲ್ಟ್‌ನಿಂದ, ಅದು ಕರೆಂಟ್ ಪಾಯಿಂಟ್ ನೋಡೋಕೆ ಸರಿ, ನಮ್ಮ ಕೆಲಸಕ್ಕೆ ಬರಲ್ಲ. ಎಸಿ ಮಿಲಿವೋಲ್ಟ್ ತೋರಿಸೋ ಮೀಟರ್ ಬೇಕು.

ಈಗ ಕಂಪ್ಯೂಟರ್‌ನಲ್ಲಿ ಆಡಾಸಿಟಿ ಹಾಕ್ಕೊಳ್ಳಿ, ಫ್ರೀ ಸಾಫ್ಟ್‌ವೇರ್. ಅದರ ಜನರೇಟ್ ಮೆನುವಿನಲ್ಲಿ ಟೋನ್ ಅಂತ ಇದೆ, 440 ಹರ್ಟ್ಸ್ ಇರೋದನ್ನ 300 ಮಾಡಿ ಒಂದು ನಿಮಿಷದ ಸೈನ್ ವೇವ್ ಫೈಲ್ ಮಾಡ್ಕೊಳ್ಳಿ. 300 ಯಾಕೆ ಅಂದ್ರೆ ಕಮ್ಮಿ ಬೆಲೆಯ ಸುಮಾರು ಮೀಟರ್‌ಗಳು 400 ಹರ್ಟ್ಸ್ ದಾಟಿದ್ರೆ ಸರಿಯಾಗಿ ಓದಲ್ಲ. ಇದೇ ಫೈಲ್‌ನ ಎರಡೂ ಪ್ಲೇಯರ್‌ಗೆ ಹಾಕಿ, ಸ್ಪ್ಲಿಟರ್‌ನ ಒಂದು ಕಡೆ ನೀವು ಕೇಳೋ ಇಯರ್‌ಫೋನ್, ಇನ್ನೊಂದು ಕಡೆ ಮೀಟರ್. ಇಯರ್‌ಫೋನ್ ಸಿಕ್ಕಿಸಿರಲೇಬೇಕು, ಆದ್ರೆ ಟೋನ್ ಓಡ್ತಿರೋವಾಗ ಕಿವಿಗೆ ಹಾಕ್ಕೋಬೇಡಿ. ನೀವು ದಿನಾ ಕೇಳೋ ಮಟ್ಟಕ್ಕೆ ಮೊದಲನೇ ಪ್ಲೇಯರ್‌ನ ವಾಲ್ಯೂಮ್ ಇಟ್ಟು ರೀಡಿಂಗ್ ಬರ್ಕೊಳ್ಳಿ, ಎರಡನೇದನ್ನ ಅದಕ್ಕೆ ಹತ್ತಿರ ತನ್ನಿ. ಒಂದರಲ್ಲಿ 100 ಮಿಲಿವೋಲ್ಟ್ ಇನ್ನೊಂದರಲ್ಲಿ 102 ಬಂದ್ರೆ ಅದು 0.17 ಡೆಸಿಬಲ್, ಅಷ್ಟು ನಡೆಯುತ್ತೆ. ವಾಲ್ಯೂಮ್ ಸ್ಟೆಪ್ಪುಗಳು ದೊಡ್ಡದಾಗಿ ಅಷ್ಟು ಹತ್ತಿರ ಬರ್ತಿಲ್ಲ ಅಂದ್ರೆ, ಜೋರಾಗಿರೋ ಪ್ಲೇಯರ್‌ಗೆ ಹಾಕೋ ಹಾಡುಗಳನ್ನ ಆಡಾಸಿಟಿಯಲ್ಲೇ ಆ ಉಳಿದ ಡೆಸಿಬಲ್ ವ್ಯತ್ಯಾಸದಷ್ಟು ಕಮ್ಮಿ ಮಾಡಿ ಸೇವ್ ಮಾಡಿ.

ಇದಕ್ಕೂ ಮುಂಚೆ ಎರಡರಲ್ಲೂ ಸೆಟ್ಟಿಂಗ್ಸ್ ಒಳಗೆ ಹೋಗಿ ಈಕ್ವಲೈಜರ್, ಬೇಸ್ ಬೂಸ್ಟ್, ಸರೌಂಡ್, ವಾಲ್ಯೂಮ್ ನಾರ್ಮಲೈಜ್ ಎಲ್ಲಾ ಆಫ್ ಮಾಡಿ. ಸೋನಿ ವಾಕ್‌ಮನ್ ಆದ್ರೆ ಡಿಎಸ್‌ಇಇ, ಐಪಾಡ್ ಆದ್ರೆ ಸೌಂಡ್ ಚೆಕ್. ಇನ್ನೊಂದು, ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಪ್ಲೇಯರ್ ಹೋಲಿಸೋರು ತುಂಬಾ ಜನ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಬ್ಲೂಟೂತ್‌ನಲ್ಲಿ ಡಿಜಿಟಲ್ ಡೇಟಾ ಗಾಳಿಯಲ್ಲಿ ಹೋಗಿ ಇಯರ್‌ಫೋನ್ ಒಳಗಿರೋ ಚಿಪ್‌ನಲ್ಲಿ ಸದ್ದಾಗುತ್ತೆ, ನೀವು ದುಡ್ಡು ಕೊಟ್ಟ ಪ್ಲೇಯರ್‌ನ ಡ್ಯಾಕ್ (ಡಿಜಿಟಲ್ ಡೇಟಾನ ಸದ್ದಿನ ಸಿಗ್ನಲ್ ಮಾಡೋ ಚಿಪ್) ಆಗಲಿ ಆಂಪ್ಲಿಫೈಯರ್ ಆಗಲಿ ಅಲ್ಲಿ ಕೆಲಸ ಮಾಡೋದೇ ಇಲ್ಲ.

ಫೈಲ್ ಎರಡರಲ್ಲೂ ಒಂದೇ ಇರ್ಬೇಕು. ಒಂದರಲ್ಲಿ ಸ್ಟ್ರೀಮಿಂಗ್, ಒಂದರಲ್ಲಿ ಎಂಪಿ3 ಹಾಕಿದ್ರೆ ಫೈಲ್‌ಗಳನ್ನ ಹೋಲಿಸಿದಂಗಾಯ್ತು. ನಿಮ್ಮ ಹತ್ರ ಇರೋ ಒಂದು ಸಿಡಿನ ಫ್ಲಾಕ್ (ಗುಣಮಟ್ಟ ಕಳ್ಕೊಳ್ಳದ ಫೈಲ್) ಮಾಡ್ಕೊಳ್ಳಿ, ಐಪಾಡ್‌ನಲ್ಲಿ ಫ್ಲಾಕ್ ಓಡಲ್ಲ, ಅಲ್ಲಿ ಎರಡಕ್ಕೂ ವೇವ್ ಫೈಲ್ ಹಾಕಿ. ಯಾವ ಹಾಡು ಅಂತ ಕೇಳಿದ್ರೆ ನಾನು ನಮ್ಮ ಸಂಗೀತವನ್ನೇ ಹೇಳ್ತೀನಿ, ಯಾಕಂದ್ರೆ ನಮ್ಮ ಕಿವಿಗೆ ಅದರ ಒಳಹೊರಗು ಗೊತ್ತು. ಆಲಾಪನೆ ಶುರುವಾಗೋ ಜಾಗ, ಬರೀ ತಂಬೂರಿ ಇರೋ ಹತ್ತು ಸೆಕೆಂಡು, ಅಲ್ಲಿ ಪ್ಲೇಯರ್‌ನ ಹಿನ್ನೆಲೆ ಸುಯ್ ಅನ್ನೋ ಸದ್ದು ಇದ್ರೆ ಸಿಕ್ಕಿಬೀಳುತ್ತೆ. ಮೃದಂಗದ ಎಡಗೈ ಗುಂಕಿ ಬರೋ ಜಾಗ ಇಟ್ಕೊಳ್ಳಿ ಬೇಸ್‌ಗೆ. ಕೆಲವು ಹಳೇ ಪ್ಲೇಯರ್‌ಗಳಲ್ಲಿ ಔಟ್‌ಪುಟ್ ದಾರೀಲಿ ಕೆಪಾಸಿಟರ್ ಇರ್ತಿತ್ತು, ಅದು 220 ಮೈಕ್ರೋಫ್ಯಾರಡ್ ಇದ್ದು ನಿಮ್ಮ ಇಯರ್‌ಫೋನ್ 16 ಓಮ್ (ಕರೆಂಟಿಗೆ ಒಡ್ಡೋ ತಡೆಯ ಅಳತೆ) ಆಗಿದ್ರೆ 45 ಹರ್ಟ್ಸ್ ಹತ್ರಾನೇ ಸದ್ದು 3 ಡೆಸಿಬಲ್ ಇಳಿದಿರುತ್ತೆ, ಗುಂಕಿಯ ಹೊಟ್ಟೆ ಒಣಗಿದ ಹಾಗೆ ಕೇಳ್ಸುತ್ತೆ. ಒಂದೊಂದು ತುಣುಕು 15-20 ಸೆಕೆಂಡ್ ಸಾಕು, ಉದ್ದ ಬೇಡ, ಸದ್ದಿನ ನೆನಪು ಕೆಲವೇ ಸೆಕೆಂಡಿಗೆ ಮಾಸಿಹೋಗುತ್ತೆ.

ವಾಲ್ಯೂಮ್ ಸಮ ಮಾಡಿದ್ಮೇಲೂ ನಿಜವಾಗ್ಲೂ ವ್ಯತ್ಯಾಸ ಉಳಿದ್ರೆ ನಾನು ಮೊದಲು ಅನುಮಾನ ಪಡೋದು ಔಟ್‌ಪುಟ್ ಇಂಪಿಡೆನ್ಸ್ ಮೇಲೆ, ಅಂದ್ರೆ ಪ್ಲೇಯರ್‌ನ ಔಟ್‌ಪುಟ್‌ನಲ್ಲೇ ಇರೋ ತಡೆ, ಇದನ್ನೂ ಓಮ್‌ನಲ್ಲೇ ಹೇಳ್ತಾರೆ. ಇದನ್ನ ಅಂಗಡಿಯವರು ಯಾರೂ ಹೇಳಲ್ಲ, ಡಬ್ಬಿ ಮೇಲೂ ಅಪರೂಪಕ್ಕೆ ಬರೆದಿರ್ತಾರೆ. ಬ್ಯಾಲೆನ್ಸ್ಡ್ ಆರ್ಮೇಚರ್ (ಸದ್ದು ಮಾಡೋ ಪುಟ್ಟ ಡ್ರೈವರ್‌ನ ಒಂದು ಬಗೆ) ಇರೋ ಇಯರ್‌ಫೋನ್‌ಗಳ ಓಮ್ ಒಂದೇ ಸಮ ಇರಲ್ಲ, ಒಂದು ಸ್ವರಕ್ಕೆ 40 ಇದ್ರೆ ಇನ್ನೊಂದಕ್ಕೆ 8 ಇರಬಹುದು. ಅಂಥದನ್ನ 10 ಓಮ್ ಔಟ್‌ಪುಟ್ ಇರೋ ಪ್ಲೇಯರ್‌ಗೆ ಹಾಕಿದ್ರೆ ಆ ಎರಡು ಸ್ವರಗಳ ಮಧ್ಯೆ 5 ಡೆಸಿಬಲ್ ಏರುಪೇರು ಬರುತ್ತೆ, 1 ಓಮ್ ಇರೋ ಪ್ಲೇಯರ್‌ಗೆ ಹಾಕಿದ್ರೆ 1 ಡೆಸಿಬಲ್ ಒಳಗೇ ಇರುತ್ತೆ. ಅಂದ್ರೆ ಅದೇ ಇಯರ್‌ಫೋನ್ ಬೇರೆ ಇಯರ್‌ಫೋನ್ ಥರ ಕೇಳ್ಸುತ್ತೆ. ಇಯರ್‌ಫೋನ್‌ನ ಓಮ್‌ನಲ್ಲಿ ಎಂಟನೇ ಒಂದು ಭಾಗಕ್ಕಿಂತ ಪ್ಲೇಯರ್‌ದು ಕಮ್ಮಿ ಇರಲಿ ಅನ್ನೋದು ರೂಢಿ ಲೆಕ್ಕ. ಅಳೆಯೋದು ಸುಲಭ, ಇಯರ್‌ಫೋನ್ ತೆಗೆದು ಬರೀ ಮೀಟರ್‌ನಲ್ಲಿ ಅದೇ 300 ಹರ್ಟ್ಸ್ ಟೋನ್ ನೋಡಿ, ಆಮೇಲೆ ಅದರ ಜೊತೆ ಒಂದು 33 ಓಮ್ ರೆಸಿಸ್ಟರ್ ಅಡ್ಡ ಹಾಕಿ ಮತ್ತೆ ನೋಡಿ. ಮೊದಲನೇ ರೀಡಿಂಗನ್ನ ಎರಡನೇದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. 200 ಮಿಲಿವೋಲ್ಟ್ ಇದ್ದಿದ್ದು 190ಕ್ಕೆ ಇಳಿದ್ರೆ ಸುಮಾರು 1.7 ಓಮ್, ತುಂಬಾ ಒಳ್ಳೇದು.

ಇನ್ನು ಕೇಳೋದು. ನೀವೇ ಪ್ಲಗ್ ಕಿತ್ತು ಹಾಕ್ಕೊಂಡು ಕೇಳಿದ್ರೆ ಬೆಲೆ ಜಾಸ್ತಿ ಇರೋದೇ ಗೆಲ್ಲುತ್ತೆ, ಇದು ಯಾರ ತಪ್ಪೂ ಅಲ್ಲ, ಮನಸ್ಸು ಇರೋದೇ ಹಾಗೆ. ಮನೇಲಿ ಒಬ್ಬರನ್ನ ಕೂರಿಸ್ಕೊಳ್ಳಿ, ನನಗೆ ನನ್ನ ತಂಗಿ ಮಾಡಿಕೊಟ್ಲು. ಎರಡೂ ಪ್ಲೇಯರ್ ಟವೆಲ್ ಕೆಳಗೆ, ನಾನು ಗೋಡೆ ಕಡೆ ಮುಖ ಮಾಡ್ಕೊಂಡು ಕೂತೆ, ಮೊದಲು ಎ ಇದು ಬಿ ಇದು ಅಂತ ಕೇಳಿಸಿದ್ಲು, ಆಮೇಲೆ ಪ್ರತಿ ಸಲ ನಾಣ್ಯ ಚಿಮ್ಮಿ ಬಂದ ಹಾಗೆ ಒಂದನ್ನ ಹಾಕಿ ಏನೂ ಮಾತಾಡದೆ ಬರ್ಕೊಂಡ್ಲು, ನಾನು ಎ ನಾ ಬಿ ನಾ ಅಂತ ಹೇಳ್ತಾ ಹೋದೆ. ನಾಣ್ಯ ಒಂದೇ ಕಡೆ ಬಿದ್ರೂ ಪ್ಲಗ್ ಕಿತ್ತು ಮತ್ತೆ ಹಾಕ್ಬೇಕು, ಇಲ್ಲಾಂದ್ರೆ ಪ್ಲಗ್ ಕೀಳೋ ಸದ್ದು ಬಂತಾ ಇಲ್ವಾ ಅನ್ನೋದರಿಂದ್ಲೇ ಗೊತ್ತಾಗಿಬಿಡುತ್ತೆ. ಹಾಡನ್ನೂ ಪ್ರತಿ ಸಲ ಒಂದೇ ಜಾಗದಿಂದ ಶುರು ಮಾಡ್ಬೇಕು. ಹದಿನಾರು ಸಲ ಮಾಡಿ, 12 ಅಥವಾ ಅದಕ್ಕಿಂತ ಜಾಸ್ತಿ ಸರಿಯಾದ್ರೆ ನಿಮಗೆ ವ್ಯತ್ಯಾಸ ಗೊತ್ತಾಗ್ತಿದೆ ಅಂತ ಒಪ್ಪಬಹುದು, ಬರೀ ಅದೃಷ್ಟದಿಂದ ಅಷ್ಟು ಬರೋ ಸಾಧ್ಯತೆ 4% ಕೂಡ ಇಲ್ಲ. ಸುಸ್ತಾದ್ರೆ ಮಧ್ಯೆ ಚಹಾ ಕುಡಿದು ಮುಂದುವರಿಸಿ.

ನನ್ನದು ಸಾಧಾರಣ 32 ಓಮ್ ಇಯರ್‌ಫೋನ್‌ನಲ್ಲಿ 16ಕ್ಕೆ 9 ಬಂತು, ಅಂದ್ರೆ ಗೊತ್ತಾಗಲೇ ಇಲ್ಲ. ಚಿಕ್ಕಪ್ಪನ ಮಗನ ಮೂರು ಡ್ರೈವರ್ ಇರೋ ಆರ್ಮೇಚರ್ ಇಯರ್‌ಫೋನ್ ಹಾಕಿದಾಗ 16ಕ್ಕೆ 15. ಆಮೇಲೆ ಅಳೆದು ನೋಡಿದ್ರೆ ನನ್ನ ಹಳೇ ಪ್ಲೇಯರ್‌ನ ಔಟ್‌ಪುಟ್ 9 ಓಮ್ ಹತ್ರ ಇತ್ತು. ಅವನಿಗೆ ಆ ಹೊಸ ಪ್ಲೇಯರ್ ಬೇಕಾಗಿತ್ತು, ನನಗೆ ಬೇಕಾಗಿರ್ಲಿಲ್ಲ.

ಅಂಗಡೀಲಿ ಇಷ್ಟೆಲ್ಲ ಮಾಡೋಕೆ ಬಿಡಲ್ಲ. ಅಲ್ಲಿಗೆ ಹೋಗೋವಾಗ ನಿಮ್ಮದೇ ಇಯರ್‌ಫೋನ್, ನಿಮ್ಮ ಫೈಲ್ ಇರೋ ಮೆಮೊರಿ ಕಾರ್ಡ್, ಜೊತೆಗೆ ಪೂರ್ತಿ ನಿಶ್ಶಬ್ದದ ಒಂದು ನಿಮಿಷದ ಫೈಲ್ ತಗೊಂಡು ಹೋಗಿ. ಆ ನಿಶ್ಶಬ್ದ ಫೈಲ್ ಹಾಕಿ, ಗಲಾಟೆ ಕಮ್ಮಿ ಇರೋ ಮೂಲೇಲಿ ನಿಂತು ಕೇಳಿ. ಸುಯ್ ಅಂತ ಬಂದ್ರೆ ಮನೇಲಿ ರಾತ್ರಿ ಹತ್ತು ಗಂಟೆಗೆ ಅದು ಇನ್ನೂ ಜಾಸ್ತಿ ಕೇಳ್ಸುತ್ತೆ.